ಲಕ್ಕಲಕಟ್ಟಿಯ ಲೆಕ್ಕದಲ್ಲಿ ಮೂಗಿನ ಪ್ಯಾಕು

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಊರಿನಲ್ಲಿ ನಲವತ್ತು ದಾಟಿದ ಹೆಣ್ಣುಮಗಳೊಬ್ಬಳ ಒಂದು ಕಣ್ಣು ವರ್ಷಗಟ್ಟಲೆ ಸೋರುತ್ತಿದ್ದರೆ ಅದನ್ನು ರೋಗವೆಂದು ಯಾರೂ ಬಗೆಯುವುದಿಲ್ಲ. ಒಲೆಯ ಹೊಗೆ, ಜೋಳದ ರಾಶಿಯ ದೂಳು, ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳನ್ನು ಹಗಲಿರುಳು ತಿರುಗಿಸುವ ಆ ಬೀಸುಗಾಳಿ, ಹೀಗೆ ಹೇಳಿಕೊಳ್ಳಲು ಕಾರಣಗಳು ಬೇಕಾದಷ್ಟಿವೆ. ಸೆರಗಿನಿಂದ ಒರೆಸಿಕೊಂಡು ಕೆಲಸ ಮುಂದುವರಿಯುತ್ತದೆ. ಕಣ್ಣಿಗೂ ಮೂಗಿಗೂ ನಡುವಿನ ಮೂಲೆ ಊದಿ, ಒತ್ತಿದರೆ ಕೀವು ಬರುವಂತಾದಾಗ ಗಾಬರಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಈ ತೊಂದರೆ ಬಯಲಾಗುವುದು ಕಣ್ಣಿನ ಪೊರೆ ತೆಗೆಸಲು ಹೋದಾಗ. ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಕಣ್ಣೀರಿನ ನಾಳಕ್ಕೆ ಸಿರಿಂಜಿನಿಂದ ನೀರು ಬಿಟ್ಟು ನೋಡುತ್ತಾರೆ. ನೀರು ಗಂಟಲಿಗೆ ಇಳಿಯದೆ, ಕೀವು ಬೆರೆತು ಕಣ್ಣಿಗೇ ಹಿಂದಿರುಗಿದರೆ ಪೊರೆ ತೆಗೆಯುವುದು ನಿಂತಿತೆಂದೇ ಅರ್ಥ. ಆ ಕೀವಿನ ಸೂಕ್ಷ್ಮಜೀವಿಗಳು ಹೊಸದಾಗಿ ತೆರೆದ ಕಣ್ಣಿನೊಳಗೆ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಒಯ್ದ ಕಣ್ಣಿನ ಶಿಬಿರಗಳಿಂದ ಪೊರೆಯ ಶಸ್ತ್ರಚಿಕಿತ್ಸೆ ಈ ಸೀಮೆಯ ಮನೆಮಾತಾಯಿತು. ಕಣ್ಣೀರಿನ ನಾಳಕ್ಕೆ ಆ ಭಾಗ್ಯ ಬರಲಿಲ್ಲ.

ಕಣ್ಣೀರು ರೆಪ್ಪೆ ಬಡಿದಾಗಲೆಲ್ಲ ಕಣ್ಣಿನ ಮೇಲೆ ಹರಡಿ, ಮೂಗಿನ ಕಡೆಯ ಮೂಲೆಯಲ್ಲಿ ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ಅಂಚಿನಲ್ಲಿರುವ ಸಣ್ಣ ತೂತುಗಳೊಳಗೆ ಇಳಿಯುತ್ತದೆ. ಅಲ್ಲಿಂದ ಒಂದು ಚೀಲಕ್ಕೆ ಬಂದು, ಚೀಲದಿಂದ ಎಲುಬಿನ ನಾಳದ ಮೂಲಕ ಮೂಗಿನ ಕೆಳಭಾಗಕ್ಕೆ ಸೇರುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳುವುದು ಈ ಕೊನೆಯ ನಾಳ. ಔಷಧದ ಹನಿಗಳಿಂದ ಅದು ತೆರೆಯುವುದಿಲ್ಲ. ಚೀಲಕ್ಕೂ ಮೂಗಿಗೂ ನಡುವೆ ಇರುವ ತೆಳು ಎಲುಬನ್ನು ತೆಗೆದು, ಚೀಲ ನೇರವಾಗಿ ಮೂಗಿನೊಳಗೆ ತೆರೆದುಕೊಳ್ಳುವಂತೆ ಮಾಡುವುದೇ ಪರಿಹಾರ. ವೈದ್ಯರು ಇದನ್ನು ಚಿಕ್ಕದಾಗಿ ಡಿಸಿಆರ್ ಎನ್ನುತ್ತಾರೆ. ಇಟಲಿಯ ಫ್ಲಾರೆನ್ಸಿನ ಅಡ್ಡೆಯೊ ತೋತಿ 1904ರಲ್ಲಿ ಮುಖದ ಚರ್ಮದ ಮೇಲೆ ಗಾಯ ಮಾಡಿ ಒಳಹೋಗುವ ವಿಧಾನವನ್ನು ವಿವರಿಸಿದ. ಮೂಗಿನೊಳಗಿನಿಂದಲೇ ಹೋಗುವ ಯೋಚನೆ ಅದಕ್ಕೂ ಹಳೆಯದು, 1893ರಲ್ಲಿ ಕಾಲ್ಡ್‌ವೆಲ್ ಅದನ್ನು ಬರೆದಿದ್ದ. ಆದರೆ ಕತ್ತಲ ಮೂಗಿನೊಳಗೆ ಕಣ್ಣಿಟ್ಟು ಕೆಲಸ ಮಾಡಲು ಎಂಡೋಸ್ಕೋಪು ಬರಬೇಕಾಯಿತು. ಮೆಕ್‌ಡೊನೋ ಮತ್ತು ಮೈರಿಂಗ್ 1989ರಲ್ಲಿ ಎಂಡೋಸ್ಕೋಪಿನ ವಿಧಾನವನ್ನು ಪ್ರಕಟಿಸಿದ ಮೇಲೆ ಮುಖದ ಮೇಲೆ ಗಾಯದ ಕಲೆಯಿಲ್ಲದ ಈ ದಾರಿ ಜಗತ್ತಿನಾದ್ಯಂತ ಬಳಕೆಗೆ ಬಂತು. ನುರಿತ ಕೈಗಳಲ್ಲಿ ಎರಡೂ ವಿಧಾನಗಳು ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಗುಣ ಕೊಡುತ್ತವೆ.

ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿವೆ, ಕತ್ತರಿಸಿದರೆ ಧಾರಾಳವಾಗಿ ರಕ್ತ ಬರುತ್ತದೆ. ಅದಕ್ಕಾಗಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮೂಗಿನೊಳಗೆ ಏನನ್ನಾದರೂ ತುಂಬುವುದು ರೂಢಿ, ಹಾಗೆ ತುಂಬುವ ವಸ್ತುವೇ ಪ್ಯಾಕು. ಹಳೆಯ ಸಾಮಗ್ರಿಯೆಂದರೆ ಔಷಧ ಸವರಿದ ಉದ್ದನೆಯ ಗಾಜ್ ಪಟ್ಟಿ. ಆಮೇಲೆ ಬಂದದ್ದು ಮೆರೋಸೆಲ್ ಎಂಬ, ಒಣಗಿದ್ದಾಗ ಗಟ್ಟಿಯಾಗಿದ್ದು ನೀರು ತಾಗಿದರೆ ಉಬ್ಬುವ ಸ್ಪಂಜು. ಎರಡನ್ನೂ ಒಂದೆರಡು ದಿನಗಳಲ್ಲಿ ಹೊರಗೆ ಎಳೆಯಲೇಬೇಕು. ಅಷ್ಟು ಹೊತ್ತೂ ಆ ಹೊಳ್ಳೆ ಕಟ್ಟಿಕೊಂಡಿರುತ್ತದೆ, ಎಷ್ಟೋ ಸಲ ರೋಗಿ ಬಾಯಿಂದಲೇ ಉಸಿರಾಡಬೇಕಾಗುತ್ತದೆ. ಗಂಟಲು ಒಣಗುತ್ತದೆ, ನಿದ್ದೆ ಬರುವುದಿಲ್ಲ, ಅನ್ನ ನುಂಗುವುದೂ ಕಷ್ಟ. ಹೆಪ್ಪುಗಟ್ಟಿದ ರಕ್ತಕ್ಕೆ ಅಂಟಿಕೊಂಡ ಪಟ್ಟಿಯನ್ನು ಎಳೆಯುವ ಕ್ಷಣ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ನೋಯುತ್ತದೆ ಎನ್ನುವ ರೋಗಿಗಳಿದ್ದಾರೆ. ಕೆಲವರಿಗೆ ಆಗ ತಲೆಸುತ್ತು ಬಂದು ಬವಳಿ ಬೀಳುವುದೂ ಉಂಟು. ಎಳೆಯುವಾಗ ಹೊಸ ತೂತಿನ ಅಂಚು ಮತ್ತೆ ಹರಿದು ರಕ್ತ ಬರಬಹುದು. ಅಪರೂಪಕ್ಕೆ ಪಟ್ಟಿಯ ತುಂಡು ಒಳಗೇ ಉಳಿದು ಸೋಂಕಾಗುವುದೂ ಇದೆ. ಇಷ್ಟೆಲ್ಲ ಬೇಡ, ತಾನಾಗಿಯೇ ಕರಗಿ ಹೋಗುವ ವಸ್ತುವನ್ನೇ ಇಟ್ಟರಾಯಿತಲ್ಲ ಎಂಬುದು ಕರಗುವ ಪ್ಯಾಕುಗಳ ಹಿಂದಿನ ಸರಳ ವಿಚಾರ.

ಆದರೆ ಕರಗುವ ವಸ್ತುಗಳೆಲ್ಲ ಒಂದೇ ಜಾತಿಯವಲ್ಲ. ಜಿಲೆಟಿನ್ ಸ್ಪಂಜು ಇವುಗಳಲ್ಲಿ ಹಳೆಯದು, 1940ರ ದಶಕದಿಂದ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿದೆ. ಹಗುರಾದ ಬಿಳಿಯ ತುಂಡು, ತನ್ನ ತೂಕದ ಹತ್ತಾರು ಪಟ್ಟು ರಕ್ತ ಹೀರಿ ಅಲ್ಲಿಯೇ ಹೆಪ್ಪುಗಟ್ಟಲು ಚೌಕಟ್ಟಾಗುತ್ತದೆ. ದೇಹದ ಆಳದಲ್ಲಿಟ್ಟರೆ ಪೂರ್ತಿ ಮಾಯವಾಗಲು ನಾಲ್ಕರಿಂದ ಆರು ವಾರ ಬೇಕು, ಮೂಗಿನ ಒಳಪೊರೆಯ ಮೇಲೆ ಎರಡರಿಂದ ಐದು ದಿನಗಳಲ್ಲಿ ನೀರಾಗುತ್ತದೆ. ಆಕ್ಸಿಡೀಕೃತ ಸೆಲ್ಯುಲೋಸ್ ಗಿಡಮೂಲದ್ದು, ಬಟ್ಟೆಯಂತೆ ನೇಯ್ದಿರುತ್ತದೆ. ಅದು ಆಮ್ಲೀಯವಾಗಿರುವುದರಿಂದ ಕೆಲವು ಸೂಕ್ಷ್ಮಜೀವಿಗಳನ್ನೂ ತಡೆಯುತ್ತದೆ, ಒಂದೆರಡು ವಾರಗಳಲ್ಲಿ ಕರಗುತ್ತದೆ. ಹಯಲುರಾನಿಕ್ ಆಮ್ಲದಿಂದ ಮಾಡಿದ ಮೆರೋಜೆಲ್ ರಕ್ತ ನಿಲ್ಲಿಸುವುದಕ್ಕಿಂತ ಗಾಯ ಒದ್ದೆಯಾಗಿಯೇ ಮಾಯುವಂತೆ ನೋಡಿಕೊಳ್ಳಲು ಹುಟ್ಟಿದ್ದು. ನೇಸೋಪೋರ್ ನೆದರ್ಲೆಂಡ್ಸಿನಲ್ಲಿ ರೂಪುಗೊಂಡ ಕೃತಕ ಪಾಲಿಯುರೇಥೇನ್ ನೊರೆ. ಕೆಲವು ದಿನ ಆಕಾರ ಹಿಡಿದುಕೊಂಡು ಅಕ್ಕಪಕ್ಕದ ಪೊರೆಗಳನ್ನು ಬೇರೆಯಾಗಿಟ್ಟು, ಆಮೇಲೆ ಉಪ್ಪುನೀರಿನಿಂದ ಮೂಗು ತೊಳೆದಂತೆ ಚೂರುಚೂರಾಗಿ ಹೋಗುತ್ತದೆ. ಕೊರಿಯಾದ ವೈದ್ಯರು ಇದನ್ನು ಸ್ಟೀರಾಯ್ಡಿನಲ್ಲಿ ನೆನೆಸಿಟ್ಟೂ ನೋಡಿದ್ದಾರೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನಿನ ಜೆಲ್ ಕೂಡ ಈ ಸಾಲಿನಲ್ಲಿದೆ. ಹೀಗೆ ಒಂದು ರಕ್ತ ನಿಲ್ಲಿಸುತ್ತದೆ, ಇನ್ನೊಂದು ಅಂತರ ಕಾಯುತ್ತದೆ, ಮತ್ತೊಂದು ಗಾಯವನ್ನು ಒಣಗಗೊಡುವುದಿಲ್ಲ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಬೇಕಾಗುತ್ತದೆ. ಮಾರುವವರ ಕೈಪಿಡಿಗಳಲ್ಲಿ ಈ ಮೂರೂ ಕೆಲಸಗಳು ಬೆರೆತುಹೋಗಿರುತ್ತವೆ.

ಇನ್ನು ಪುರಾವೆಯ ಮಾತು. ಶಸ್ತ್ರಚಿಕಿತ್ಸೆಯಲ್ಲಿ ಮಾಡಿದ ತೂತು ಮಾಯುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಲಿನ್‌ಬರ್ಗ್ ಮತ್ತು ಸಂಗಡಿಗರು 1982ರಲ್ಲಿ ಅಳೆದು ತೋರಿಸಿದರು. ಎಲುಬಿನಲ್ಲಿ ಸರಾಸರಿ 11.84 ಮಿಲಿಮೀಟರ್ ಇದ್ದ ಬಾಗಿಲು ಮಾಯ್ದ ಮೇಲೆ ಮೂಗಿನೊಳಗೆ 1.80 ಮಿಲಿಮೀಟರಿಗೆ ಇಳಿದಿತ್ತು. ಅಷ್ಟು ಚಿಕ್ಕ ಕಿಂಡಿಯೂ ಕಣ್ಣೀರು ಇಳಿಯಲು ಸಾಕು, ಆದರೆ ಪೂರ್ತಿ ಮುಚ್ಚುವುದಕ್ಕೂ ಅಲ್ಲಿಂದ ದೂರವೇನಿಲ್ಲ. ಮೊದಲ ವಾರಗಳಲ್ಲಿ ಆ ಅಂಚಿಗೆ ತಾಗಿಕೊಂಡಿರುವ ವಸ್ತು ಯಾವುದೆಂಬುದು ಮುಖ್ಯವಾಗಬಹುದೆಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ. ನಂಬಿಕೆಗೆ ಬೆಂಬಲವೂ ಇದೆ, ಎದುರು ಸಾಕ್ಷಿಯೂ ಇದೆ. ಚೀನಾದ ವೈದ್ಯರು 2011ರಲ್ಲಿ ಎಂಡೋಸ್ಕೋಪಿನ ಡಿಸಿಆರ್‌ನಲ್ಲಿ ಮೆರೋಜೆಲ್ ಹೊದಿಸಿದಾಗ ಫಲಿತಾಂಶ ಸುಧಾರಿಸಿತೆಂದು ವರದಿ ಮಾಡಿದರು. ಅದಕ್ಕೆ ಮೊದಲೇ, 2002 ಮತ್ತು 2003ರ ಪ್ರಾಣಿಪ್ರಯೋಗಗಳಲ್ಲಿ ಅದೇ ಮೆರೋಜೆಲ್ ಇಟ್ಟ ಕಡೆ ಹೊಸ ಎಲುಬು ಬೆಳೆಯುವ, ನಾರಿನ ಅಂಗಾಂಶ ಕಟ್ಟುವ ಲಕ್ಷಣಗಳು ಕಂಡಿದ್ದವು. ಎಲುಬು ತೆಗೆದು ಬಾಗಿಲು ಮಾಡಿದ ಜಾಗದಲ್ಲಿ ಎಲುಬೇ ಮತ್ತೆ ಬೆಳೆಯುವುದು ಯಾರಿಗೂ ಬೇಡದ ಸಂಗತಿ. ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಹಾಗೇ ಆಗುತ್ತದೆಂದು ಹೇಳಲಾಗದು, ಆದರೂ ಹೆಸರಿನಲ್ಲಿ ಹೊಸತಿದ್ದ ಮಾತ್ರಕ್ಕೆ ಗಾಯಕ್ಕೆ ಹಿತವೆಂದು ಒಪ್ಪಿಕೊಳ್ಳಲು ಈ ಎರಡು ಪ್ರಯೋಗಗಳು ಬಿಡುವುದಿಲ್ಲ.

ಇಲ್ಲಿ ಲೆಕ್ಕದ ಒಂದು ತೊಡಕೂ ಇದೆ, ಅದನ್ನು ಓದುಗರು ಅರಿತುಕೊಳ್ಳುವುದು ಅಗತ್ಯ. ಶಸ್ತ್ರಚಿಕಿತ್ಸೆ ಈಗಾಗಲೇ ನೂರಕ್ಕೆ 90 ಜನರಲ್ಲಿ ಗೆಲ್ಲುತ್ತಿರುವಾಗ, ಒಂದು ಪ್ಯಾಕು ಅದನ್ನು 95ಕ್ಕೆ ಏರಿಸುತ್ತದೆಂದು ಭರವಸೆಯಿಂದ ಸಾಧಿಸಲು ಎರಡು ಗುಂಪುಗಳಲ್ಲಿ ತಲಾ ನಾನೂರಕ್ಕೂ ಹೆಚ್ಚು ರೋಗಿಗಳು ಬೇಕು. ಕಣ್ಣೀರಿನ ನಾಳದ ಪ್ಯಾಕುಗಳ ಬಗ್ಗೆ ಪ್ರಕಟವಾದ ಅಧ್ಯಯನಗಳಲ್ಲಿ ಅಷ್ಟು ಜನ ಸಿಗುವುದು ವಿರಳ, ಹೆಚ್ಚಿನವು ಒಂದೇ ಆಸ್ಪತ್ರೆಯ ಅನುಭವಗಳು. ಸೈನಸ್ ಶಸ್ತ್ರಚಿಕಿತ್ಸೆಯಲ್ಲಿ ಒಂದು ಅನುಕೂಲವಿದೆ: ಒಬ್ಬರ ಮೂಗಿನ ಎಡ ಹೊಳ್ಳೆಗೆ ಒಂದು ಬಗೆ, ಬಲಕ್ಕೆ ಇನ್ನೊಂದು ಬಗೆಯ ಪ್ಯಾಕನ್ನಿಟ್ಟು, ಅದೇ ವ್ಯಕ್ತಿಯಲ್ಲಿ ಹೋಲಿಸಬಹುದು. ಕಣ್ಣೀರಿನ ನಾಳ ಸಾಮಾನ್ಯವಾಗಿ ಒಂದೇ ಕಡೆ ಕಟ್ಟಿಕೊಳ್ಳುವುದರಿಂದ ಆ ಹೋಲಿಕೆ ಸಾಧ್ಯವಿಲ್ಲ. ಸೈನಸ್ಸಿನ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಎರಡು ಸಂಗತಿಗಳು ಕಾಣುತ್ತವೆ. ಮೂಗಿನ ಪೊರೆಗಳು ಅಂಟಿಕೊಳ್ಳುವುದರಲ್ಲಿ, ಅಂತಿಮ ಗುಣದಲ್ಲಿ ಕರಗುವ ಮತ್ತು ಕರಗದ ಪ್ಯಾಕುಗಳ ನಡುವೆ ಪ್ರತಿಸಲವೂ ನಿಲ್ಲುವಂಥ ವ್ಯತ್ಯಾಸವಿಲ್ಲ. ನೋವು, ಉಸಿರಾಟದ ಕಷ್ಟ, ಪ್ಯಾಕು ತೆಗೆಯುವಾಗಿನ ರಕ್ತಸ್ರಾವ ಇವುಗಳಲ್ಲಿ ಕರಗುವುದರ ಕಡೆಗೇ ತಕ್ಕಡಿ ವಾಲುತ್ತದೆ. ಡಿಸಿಆರ್ ಗೆಲ್ಲುವುದು ಎಲುಬನ್ನು ಸರಿಯಾದ ಜಾಗದಲ್ಲಿ ಸಾಕಷ್ಟು ತೆಗೆದಾಗ, ಚೀಲವನ್ನು ಪೂರ್ತಿ ತೆರೆದಾಗ, ಚೀಲದ ಪೊರೆಯನ್ನೂ ಮೂಗಿನ ಪೊರೆಯನ್ನೂ ಅಂಚಿಗೆ ಅಂಚು ಕೂಡಿಸಿದಾಗ. ಇದನ್ನು ಸರಿಯಾಗಿ ಮಾಡದ ಶಸ್ತ್ರಚಿಕಿತ್ಸೆಯನ್ನು ಯಾವ ದುಬಾರಿ ನೊರೆಯೂ ಉಳಿಸಲಾರದು.

ಹಾಗಾದರೆ ಕರಗುವ ಪ್ಯಾಕು ಬರೀ ಸುಖದ ವಸ್ತು, ಇದ್ದವರಿಗೆ ಇರಲಿ ಎಂದು ಬಿಡಬಹುದೇ? ಬೆಂಗಳೂರಿನ ಆಸ್ಪತ್ರೆಯ ಹತ್ತಿರವೇ ಮನೆಯಿರುವ ರೋಗಿಗೆ ಬಹುಶಃ ಅದು ನಿಜ. ಲಕ್ಕಲಕಟ್ಟಿಯಿಂದ ನೋಡಿದಾಗ ಲೆಕ್ಕವೇ ಬೇರೆಯಾಗುತ್ತದೆ, ನನ್ನ ವಾದವೂ ಅದೇ. ಗಜೇಂದ್ರಗಡದಿಂದ ಗದಗಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಅಲ್ಲಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ ಮತ್ತೆ ಅಷ್ಟೇ ದೂರ. ಮೂಗಿನ ಪಟ್ಟಿ ತೆಗೆಯಲೆಂದೇ ರೋಗಿ ಇನ್ನೊಂದು ರಾತ್ರಿ ವಾರ್ಡಿನಲ್ಲಿ ಉಳಿಯಬೇಕು, ಇಲ್ಲವೆ ಊರಿಗೆ ಹೋಗಿ ಮರುದಿನ ಕಟ್ಟಿದ ಮೂಗಿನಲ್ಲೇ ಬಸ್ಸಿನಲ್ಲಿ ವಾಪಸು ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟಿಗೆ ದುಡ್ಡಿಲ್ಲ. ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ಟಿದೆ, ಕಳೆದುಹೋದ ದಿನದ ಕೂಲಿಯೂ ಇದೆ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ನೇ ಸಾಲಿಗೆ ಗೊತ್ತುಪಡಿಸಿದ್ದ ದಿನಗೂಲಿ 370 ರೂಪಾಯಿ ಆಗಿತ್ತು. ಇಬ್ಬರ ಎರಡು ದಿನ ಹೋದರೆ ಅದೇ ಸಾವಿರದ ಐನೂರರ ಹತ್ತಿರ ಬರುತ್ತದೆ. ಹಿಂಗಾರಿ ಜೋಳದ ಸುಗ್ಗಿಯಲ್ಲಿ ಆ ಎರಡು ದಿನಗಳ ಬೆಲೆ ಇನ್ನೂ ಹೆಚ್ಚು. ಅಧ್ಯಯನಗಳು ಅಳೆಯುವುದು ಕಿಂಡಿಯ ಅಗಲವನ್ನು, ಕಣ್ಣೀರಿನ ಹರಿವನ್ನು. ಬಸ್ ನಿಲ್ದಾಣದಲ್ಲಿ ಕಾಯುವ ತಾಸುಗಳನ್ನೂ ನಿದ್ದೆಯಿಲ್ಲದ ರಾತ್ರಿಯನ್ನೂ ಯಾರೂ ಕೋಷ್ಟಕದಲ್ಲಿ ಬರೆಯುವುದಿಲ್ಲ. ಪಟ್ಟಿ ಎಳೆಸಿಕೊಂಡ ನೋವನ್ನು ಒಬ್ಬಳು ಊರಲ್ಲಿ ಹೇಳಿದರೆ, ಕಣ್ಣು ಸೋರುವ ಇನ್ನಿಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವೆಂಬುದೂ ಆ ಲೆಕ್ಕಕ್ಕೆ ಸೇರಬೇಕು.

ಇದಕ್ಕೆ ಮೊದಲ ಆಕ್ಷೇಪ ಬೆಲೆಯದು, ಅದು ತಳ್ಳಿಹಾಕುವಂಥದ್ದಲ್ಲ. ಆಮದಾಗುವ ನೊರೆ, ಜೆಲ್‌ಗಳ ಬೆಲೆ ಸಾವಿರಗಳಲ್ಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆಯಲ್ಲಿ ಒಂದು ಶಸ್ತ್ರಚಿಕಿತ್ಸೆಗೆ ಇಷ್ಟೆಂದು ಒಟ್ಟು ಮೊತ್ತ ಗೊತ್ತಾಗಿರುತ್ತದೆ, ಪ್ಯಾಕಿನ ಖರ್ಚನ್ನು ಆಸ್ಪತ್ರೆ ಅದರೊಳಗೇ ಸರಿದೂಗಿಸಬೇಕು. ಹಾಗಿರುವಾಗ ಹೊಸ ಸಾಮಗ್ರಿಯ ಹೊರೆ ಕೊನೆಗೆ ಚೀಟಿಯ ರೂಪದಲ್ಲಿ ರೋಗಿಯ ಕೈಗೇ ಬಂದು, ಹೊರಗಿನ ಔಷಧದ ಅಂಗಡಿಗೆ ಓಡಬೇಕಾದೀತೆಂಬ ಭಯ ಸಹಜ. ಆದರೆ ಈ ಆಕ್ಷೇಪ ದುಬಾರಿ ಪ್ಯಾಕಿಗೆ ಅನ್ವಯಿಸುತ್ತದೆಯೇ ಹೊರತು ಕರಗುವ ಪ್ಯಾಕುಗಳೆಲ್ಲಕ್ಕೂ ಅಲ್ಲ. ಜಿಲೆಟಿನ್ ಸ್ಪಂಜು ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಅದರ ಬೆಲೆ ನೂರುಗಳಲ್ಲಿ. ಹಲ್ಲಿನವರಿಂದ ಹಿಡಿದು ಹೆರಿಗೆಯವರವರೆಗೆ ಎಲ್ಲ ವಿಭಾಗಗಳೂ ಬಳಸುವುದರಿಂದ ಯಾವ ಶಸ್ತ್ರಚಿಕಿತ್ಸಾ ಕೊಠಡಿಗೂ ಅದು ಹೊಸದಲ್ಲ. ಅಂತಿಮ ಗುಣದಲ್ಲಿ ದುಬಾರಿಯದು ಅದಕ್ಕಿಂತ ಮೇಲೆಂದು ಸಾಬೀತಾಗದಿರುವಾಗ, ಮೊದಲ ಸಲದ ಸಾಮಾನ್ಯ ಡಿಸಿಆರ್‌ಗೆ ಅಗ್ಗದ ಜಿಲೆಟಿನ್ನೇ ಸಾಕೆಂಬುದು ನನ್ನ ನಿಲುವು. ಒಮ್ಮೆ ವಿಫಲವಾಗಿ ಎರಡನೇ ಸಲ ಮಾಡುವಾಗ, ಮೂಗಿನ ನಡುಗೋಡೆ ಸೊಟ್ಟಗಿದ್ದು ಪೊರೆಗಳು ಒಂದಕ್ಕೊಂದು ತಾಗುವ ಅಪಾಯವಿದ್ದಾಗ, ಅಂತರ ಕಾಯುವ ನೊರೆಗೆ ಅರ್ಥವಿರಬಹುದು. ಅಲ್ಲಿಯೂ ವೈದ್ಯರು ಕಾರಣ ಹೇಳಿಯೇ ಬಳಸಬೇಕು.

ಎರಡನೆಯ ಆಕ್ಷೇಪ ಶಸ್ತ್ರವೈದ್ಯರದು: ಜೋರು ರಕ್ತಸ್ರಾವವಾದರೆ ಮೆತ್ತನೆಯ ಸ್ಪಂಜು ಏನು ಮಾಡೀತು? ಈ ಪ್ರಶ್ನೆ ಸರಿಯಾಗಿಯೇ ಇದೆ. ರಕ್ತನಾಳದಿಂದ ಚಿಮ್ಮುವ ರಕ್ತಕ್ಕೆ ಬೇಕಾದದ್ದು ಒತ್ತಡ. ಬಿಗಿಯಾಗಿ ತುಂಬಿದ ಗಾಜ್ ಪಟ್ಟಿ, ಉಬ್ಬುವ ಮೆರೋಸೆಲ್ ಕೊಡುವ ಒತ್ತಡವನ್ನು ಕರಗುವ ವಸ್ತು ಕೊಡುವುದಿಲ್ಲ. ಬಿಪಿ ಹತೋಟಿಯಲ್ಲಿಲ್ಲದವರು, ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ರಕ್ತ ನಿಲ್ಲದವರು, ಇಂಥವರಿಗೆ ಹಳೆಯ ಪಟ್ಟಿಯೇ ಸುರಕ್ಷಿತ. ತುರ್ತು ಬಂದರೆ ನಡುರಾತ್ರಿ ಗದಗಿಗೆ ಓಡಬೇಕಾದ ಊರಿನ ರೋಗಿಯ ವಿಷಯದಲ್ಲಿ ಎಚ್ಚರಿಕೆ ಇನ್ನೂ ಒಂದು ಕೈ ಮೇಲಿರಬೇಕು. ಆದರೆ ಹತ್ತರಲ್ಲಿ ಒಬ್ಬರಿಗೆ ಬೇಕಾಗಬಹುದಾದದ್ದನ್ನು ಹತ್ತೂ ಜನರಿಗೆ ರೂಢಿಯೆಂದು ತುಂಬುವುದಕ್ಕೆ ಇದು ಸಮರ್ಥನೆಯಾಗದು. ಅಡ್ರಿನಲಿನ್ ಬೆರೆಸಿದ ಅರಿವಳಿಕೆ, ಬಿಪಿಯ ಹತೋಟಿ, ಕಂಡ ರಕ್ತನಾಳವನ್ನು ಅಲ್ಲಿಯೇ ಸುಡುವ ತಾಳ್ಮೆ, ಇಷ್ಟಿದ್ದರೆ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಮೂಗು ಒಣಗಿಯೇ ಇರುತ್ತದೆ. ಅಂಥ ಮೂಗಿಗೆ ಏನನ್ನೂ ತುಂಬದೆ ಕಳಿಸುವ ವೈದ್ಯರೂ ಇದ್ದಾರೆ, ವಿಶೇಷವಾಗಿ ಹೊರಗಿನಿಂದ ಮಾಡುವ ಡಿಸಿಆರ್‌ನಲ್ಲಿ. ತುಂಬುವುದೇ ಬೇಡವೆನ್ನುವ ಆ ದಾರಿ ಕರಗುವ ಪ್ಯಾಕಿಗಿಂತಲೂ ಅಗ್ಗ, ಎಲ್ಲಿ ಸಾಧ್ಯವೋ ಅಲ್ಲಿ ಅದೇ ಮೊದಲ ಆಯ್ಕೆಯಾಗಬೇಕು.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ತೂಕದ್ದೆನಿಸುತ್ತದೆ. ಪಟ್ಟಿ ತೆಗೆಸಲೆಂದಾದರೂ ರೋಗಿ ವಾಪಸು ಬರುತ್ತಿದ್ದಳು, ತಾನಾಗಿಯೇ ಕರಗುತ್ತದೆಂದರೆ ಊರು ಸೇರಿದವಳು ಮತ್ತೆ ಮುಖ ತೋರಿಸುವುದೇ ಇಲ್ಲ, ಅಲ್ಲವೇ? ಆದರೆ ಮತ್ತೆ ಬರಲೇಬೇಕಾದ ಕಾರಣಗಳಿವೆ. ಹೊರಗಿನಿಂದ ಮಾಡಿದ ಡಿಸಿಆರ್ ಆದರೆ ಚರ್ಮದ ಹೊಲಿಗೆ ಬಿಚ್ಚಲು ಸುಮಾರು ಒಂದು ವಾರಕ್ಕೆ ಬರಬೇಕು. ಎಂಡೋಸ್ಕೋಪಿನ ವಿಧಾನವಾದರೆ ಒಂದೆರಡು ವಾರಕ್ಕೆ ಮೂಗಿನೊಳಗಿನ ಹಕ್ಕಳೆ ತೆಗೆಸಬೇಕು. ಕಣ್ಣೀರಿನ ದಾರಿಯಲ್ಲಿ ಸಿಲಿಕೋನ್ ಕೊಳವೆ ಇಟ್ಟಿದ್ದರೆ ಆರು ವಾರದಿಂದ ಮೂರು ತಿಂಗಳೊಳಗೆ ಅದನ್ನು ಹೊರಗೆ ತೆಗೆಯಬೇಕು. ಕರಗುವ ಪ್ಯಾಕಿನ ಚೂರುಗಳೇ ಕಿಂಡಿಯ ಬಾಯಲ್ಲಿ ಉಳಿದು ಸುತ್ತ ಮಾಂಸ ಬೆಳೆಯುವ ಸಾಧ್ಯತೆಯೂ ಇದೆ, ಅದನ್ನು ಕಣ್ಣಿಟ್ಟು ನೋಡಿಯೇ ತಿಳಿಯಬೇಕು. ಆದ್ದರಿಂದ ಕರಗುತ್ತದೆ ಎಂಬ ಮಾತು ಬರುವುದು ಬೇಡ ಎಂಬ ಅರ್ಥ ಪಡೆದರೆ ಪ್ಯಾಕು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದಂತೆ. ಆದರೂ ಇದಕ್ಕೆ ಮದ್ದು ನೋವಿನ ಪಟ್ಟಿಯನ್ನು ಒತ್ತೆಯಾಗಿಟ್ಟುಕೊಳ್ಳುವುದಲ್ಲ. ಎರಡನೇ ದಿನದ ಬೇಡದ ಓಡಾಟವನ್ನು ಉಳಿಸಿಕೊಟ್ಟು, ಏಳನೇ ದಿನದ ಬೇಕಾದ ಓಡಾಟವನ್ನು ತಾರೀಖು ಬರೆದುಕೊಟ್ಟು ಕೇಳಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ನಡುವೆ ಒಮ್ಮೆ ಊರಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ, ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ಮೂಗು ತೊಳೆಯುತ್ತಿದ್ದಾಳೆಯೇ, ಬಗ್ಗಿ ಕಳೆ ಕೀಳುವ ಕೆಲಸಕ್ಕೆ ಆಗಲೇ ಇಳಿದಿದ್ದಾಳೆಯೇ ಎಂದು ನೋಡಿಬಂದರೆ ಸಾಕಷ್ಟಾಯಿತು.

ಇನ್ನೊಂದು ಮಾತನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಜಿಲೆಟಿನ್ ಬರುವುದು ಪ್ರಾಣಿಗಳಿಂದ, ಹಲವು ತಯಾರಿಕೆಗಳಲ್ಲಿ ಹಂದಿಯ ಚರ್ಮದಿಂದ. ಕೊಲಾಜೆನ್ ಪ್ಯಾಕುಗಳಲ್ಲಿ ದನದ ಮೂಲದವಿವೆ. ಲಿಂಗಾಯತರೂ ಮುಸಲ್ಮಾನರೂ ಅಕ್ಕಪಕ್ಕದಲ್ಲಿ ಬಾಳುವ ರೋಣ–ಗಜೇಂದ್ರಗಡ ಸೀಮೆಯಲ್ಲಿ ಇದು ಅನೇಕರ ಮನಸ್ಸಿಗೆ ತಾಗುವ ವಿಷಯ. ಪ್ರಾಣ ಉಳಿಸುವ ಔಷಧದಲ್ಲಿ ವಿನಾಯಿತಿ ಇದೆಯೆನ್ನುವವರು ಹೆಚ್ಚಿನ ಧರ್ಮಗಳಲ್ಲಿದ್ದಾರೆ. ಹಾಗೆಂದು ಕೇಳದೆಯೇ ನಿರ್ಧರಿಸುವ ಹಕ್ಕು ವೈದ್ಯರಿಗೆ ಬರುವುದಿಲ್ಲ. ಗಿಡಮೂಲದ ಸೆಲ್ಯುಲೋಸ್, ಕೃತಕ ನೊರೆ ಎರಡೂ ಇರುವಾಗ, ಮುಂಚಿತವಾಗಿ ಹೇಳಿ ಒಪ್ಪಿಗೆ ಪಡೆಯುವುದು ಎರಡು ನಿಮಿಷದ ಕೆಲಸ.

ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಇವೆರಡೂ ಇದೇ ಸೀಮೆಯ ರೋಗಿಗಳನ್ನು ನೋಡುವ ಸಂಸ್ಥೆಗಳು. ಡಿಸಿಆರ್ ಆದ ಪ್ರತಿಯೊಬ್ಬರ ಮೂಗಿನಲ್ಲಿ ಏನಿಟ್ಟರು, ಎಷ್ಟು ರಾತ್ರಿ ವಾರ್ಡಿನಲ್ಲಿ ಉಳಿದರು, ಎಷ್ಟು ಸಲ ಬಂದುಹೋದರು, ಆರು ತಿಂಗಳ ಮೇಲೆ ಕಣ್ಣು ಸೋರುತ್ತಿದೆಯೇ ಎಂಬ ನಾಲ್ಕು ಅಂಕಣಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಟ್ಟರೆ, ಕೊರಿಯಾ ಚೀನಾಗಳ ವರದಿಗಿಂತ ನಮಗೆ ಹೆಚ್ಚು ಉಪಯೋಗವಾಗುವ ಉತ್ತರ ಕೆಲವೇ ವರ್ಷಗಳಲ್ಲಿ ಸಿಕ್ಕೀತು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರದಾದರೂ ಕಣ್ಣು ಬಿಡದೆ ಸೋರುತ್ತಿದ್ದರೆ ಪೊರೆ ಬರುವವರೆಗೆ ಕಾಯಬೇಡಿ, ನಾಳಕ್ಕೆ ನೀರು ಬಿಟ್ಟು ನೋಡಿಸಿ. ಶಸ್ತ್ರಚಿಕಿತ್ಸೆ ಗೊತ್ತಾದರೆ ಹಿಂದಿನ ದಿನವೇ ವೈದ್ಯರನ್ನು ಕೇಳಿ: ಮೂಗಿಗೆ ಏನಾದರೂ ತುಂಬಲೇಬೇಕೇ, ತುಂಬುವುದಾದರೆ ಕರಗುವ ಜಿಲೆಟಿನ್ನಿನಿಂದ ಆಗುವುದಿಲ್ಲವೇ, ಮತ್ತೆ ಯಾವ ತಾರೀಖಿಗೆ ಬರಬೇಕು.